ನನ್ನ ಬ್ರೇಕರ್ 100 ಕಿಲೋಆಂಪಿಯರ್‌ಗೂ ಫೇಲ್ ಆಗುತ್ತಿಲ್ಲ. ಎಲ್ಲಿ ತಪ್ಪಿದೆ?

ಉದ್ಯಮಬಾಗ್ ಹುಡುಗ (ಬೆಳಗಾವಿ):

ಎಲ್ಲರಿಗೂ ನಮಸ್ಕಾರ. ನಾನು ಬೆಳಗಾವಿಯಲ್ಲಿ ಎಂಟೆಕ್ ಎರಡನೇ ವರ್ಷ ಓದುತ್ತಿದ್ದೇನೆ. ಪ್ರಾಜೆಕ್ಟ್ ಇದು: 245 ಕೆವಿ, 40 ಕಿಲೋಆಂಪಿಯರ್‌ವರೆಗೆ ಕಡಿಯಬಲ್ಲ ಎಸ್‌ಎಫ್‌6 ಬ್ರೇಕರ್ (ಫಾಲ್ಟ್ ಆದಾಗ ಲೈನ್ ಕಡಿಯುವ, ಎಸ್‌ಎಫ್‌6 ಗ್ಯಾಸ್ ತುಂಬಿದ ದೊಡ್ಡ ಸ್ವಿಚ್) ಒಳಗಿನ ಆರ್ಕ್ ಅನ್ನು, ಅಂದರೆ ಕಾಂಟ್ಯಾಕ್ಟ್ ಬಿಟ್ಟಾಗ ನಡುವೆ ಹೊತ್ತುವ ವಿದ್ಯುತ್ ಕಿಡಿಯನ್ನು, ಕಂಪ್ಯೂಟರ್‌ನಲ್ಲಿ ಸಿಮ್ಯುಲೇಟ್ ಮಾಡುವುದು. ಸಿಮ್ಯುಲಿಂಕ್ ಸಾಫ್ಟ್‌ವೇರ್‌ನಲ್ಲಿ ಮೇಯರ್ ಮಾಡೆಲ್ (ಆರ್ಕ್ ಹೇಗೆ ಆರುತ್ತದೆ ಅನ್ನುವ ಸಮೀಕರಣ) ಕೂರಿಸಿದ್ದೇನೆ. ಟೈಮ್ ಕಾನ್‌ಸ್ಟಂಟ್ 0.3 ಮೈಕ್ರೋಸೆಕೆಂಡ್, ಕೂಲಿಂಗ್ ಪವರ್ (ಗ್ಯಾಸ್ ಆರ್ಕ್‌ನಿಂದ ಎಳೆದುಕೊಳ್ಳುವ ಶಾಖ) 30.9 ಕಿಲೋವ್ಯಾಟ್. ಫಾಲ್ಟ್ ಸ್ಟೇಷನ್‌ನಿಂದ ಒಂದು ಕಿಲೋಮೀಟರ್ ಒಳಗೇ ಇದೆ, ಅಂದರೆ 90 ಪರ್ಸೆಂಟ್ ಶಾರ್ಟ್ ಲೈನ್ ಫಾಲ್ಟ್: ಬ್ರೇಕರ್‌ನ ರೇಟಿಂಗ್‌ನ 90 ಪರ್ಸೆಂಟ್ ಕರೆಂಟ್ ಹರಿಯುವಷ್ಟು ಹತ್ತಿರ.

40 ಕಿಲೋಆಂಪಿಯರ್ ಕೊಟ್ಟೆ, ಆರ್ಕ್ ಆರಿತು. ಖುಷಿಯಾಯಿತು. 63 ಕೊಟ್ಟೆ, ಆರಿತು. ಸುಮ್ನೆ ನೋಡೋಣ ಅಂತ 100 ಕೊಟ್ಟೆ. ಅದೂ ಆರಿತು! ಗ್ರಾಫ್ ಎಷ್ಟು ಚಂದ ಬರುತ್ತದೆ ಅಂದರೆ ನೇರ ರಿಪೋರ್ಟ್‌ಗೆ ಅಂಟಿಸಬಹುದು. ಆದರೆ ಮನಸ್ಸು ಒಪ್ಪುತ್ತಿಲ್ಲ.

ಅಪ್ಪನದು ಉದ್ಯಮಬಾಗ್‌ನಲ್ಲಿ ಸಣ್ಣ ಲೇತ್ ಶಾಪ್. ಊಟಕ್ಕೆ ಕೂತಾಗ ಇದನ್ನು ಹೇಳಿದೆ. ಅವರಿಗೆ ಆರ್ಕ್ ಅಂದರೆ ವೆಲ್ಡಿಂಗ್ ಅಷ್ಟೇ. "ಯಾವ ಪೀಸ್ ಇಟ್ಟರೂ ಪಾಸ್ ಅನ್ನೋ ಗೇಜ್ ಇದ್ದರೆ, ಗೇಜೇ ಸವೆದಿದೆ ಅಂತ ಅರ್ಥ" ಅಂದು ರೊಟ್ಟಿ ಮುರಿದರು. ಅವತ್ತಿನಿಂದ ನಿದ್ದೆ ಇಲ್ಲ. ಯಾರಾದರೂ ನೋಡಿ ಹೇಳಿ.

ಇಂಡಿ ನಿಂಬೆಹಣ್ಣು (ವಿಜಯಪುರ):

ನಿಮ್ಮ ತಂದೆಯವರು ಸರಿಯಾಗಿಯೇ ಹೇಳಿದ್ದಾರೆ. ನಾನು ಬ್ರೇಕರ್ ಡಿಸೈನ್‌ನಲ್ಲೇ ಕೆಲಸ ಮಾಡುತ್ತೇನೆ. ಮೊದಲು ಎರಡು ಪ್ರಶ್ನೆ. ಟೈಮ್ ಸ್ಟೆಪ್, ಅಂದರೆ ಲೆಕ್ಕದ ಒಂದೊಂದು ಹೆಜ್ಜೆಯ ಕಾಲ, ಎಷ್ಟಿಟ್ಟಿದ್ದೀರಿ? ಫೈಲ್‌ನಲ್ಲಿ ಎಲ್ಲಾದರೂ "ಕರೆಂಟ್ ಇಷ್ಟಕ್ಕಿಂತ ಕಡಿಮೆಯಾದರೆ ಓಪನ್" ಅನ್ನುವ ಸಾಲು ಇದೆಯಾ?

ಉದ್ಯಮಬಾಗ್ ಹುಡುಗ:

ಸ್ಟೆಪ್ 50 ಮೈಕ್ರೋಸೆಕೆಂಡ್. ಅದು ತಾನಾಗಿಯೇ ಬಂದಿತ್ತು, ನಾನು ಮುಟ್ಟಿಲ್ಲ. ಇನ್ನೊಂದು... ಹೌದು ಸರ್, ಇದೆ. 500 ಆಂಪಿಯರ್‌ಗಿಂತ ಕೆಳಗಿಳಿದರೆ ಕಂಡಕ್ಟೆನ್ಸ್ (ಆರ್ಕ್ ಕರೆಂಟನ್ನು ಎಷ್ಟು ಸುಲಭವಾಗಿ ಬಿಡುತ್ತದೆ ಅನ್ನುವ ಅಳತೆ) ಅನ್ನು ಬಹಳ ಚಿಕ್ಕ ಸಂಖ್ಯೆ ಮಾಡು ಅಂತ. ಸೀನಿಯರ್ ಕೊಟ್ಟ ಫೈಲ್. ಆ ಸಾಲು ತೆಗೆದರೆ ಸೊನ್ನೆಯಿಂದ ಭಾಗಿಸಿದ ಎರರ್ ಬರುತ್ತದೆ. ಅದಕ್ಕೇ ಹಾಕಿದ್ದರೇನೋ.

ಇಂಡಿ ನಿಂಬೆಹಣ್ಣು:

ಸಿಕ್ಕಿಬಿತ್ತು ನೋಡಿ. ಪ್ರಶ್ನೆಪತ್ರಿಕೆಯಲ್ಲೇ ಉತ್ತರ ಬರೆದಿಟ್ಟಿದ್ದೀರಿ. ಆ ಸಾಲು ಇರುವ ತನಕ ಕಾಳಿ ನದಿಯ ಕರೆಂಟೆಲ್ಲ ತಂದು ಸುರಿದರೂ ನಿಮ್ಮ ಬ್ರೇಕರ್ ಪಾಸ್.

ನಿಧಾನವಾಗಿ ಹೇಳುತ್ತೇನೆ. ಬ್ರೇಕರ್ ಕರೆಂಟನ್ನು ಕತ್ತರಿಯಂತೆ ಕತ್ತರಿಸುವುದಿಲ್ಲ. 50 ಹರ್ಟ್ಸ್‌ನಲ್ಲಿ ಕರೆಂಟ್ ಪ್ರತಿ 10 ಮಿಲಿಸೆಕೆಂಡ್‌ಗೆ ಒಮ್ಮೆ ತಾನೇ ಸೊನ್ನೆಗೆ ಬರುತ್ತದೆ. ಬ್ರೇಕರ್ ಅದಕ್ಕಾಗಿ ಕಾಯುತ್ತದೆ. ಸೊನ್ನೆ ಬಂದ ಗಳಿಗೆಯಲ್ಲಿ ಕರೆಂಟ್ ಇಲ್ಲ, ಆದರೆ ಬಿಸಿ ಗ್ಯಾಸ್ ಇನ್ನೂ ಅಲ್ಲೇ ಇದೆ. ಅಂದರೆ ಆರ್ಕ್‌ಗೆ ನೆನಪಿದೆ. ಆ ನೆನಪು ಎಷ್ಟು ಹೊತ್ತಿನದು ಅನ್ನುವುದೇ ನಿಮ್ಮ 0.3 ಮೈಕ್ರೋಸೆಕೆಂಡ್. ಆಗಲೇ ಲೈನ್ ಕಡೆಯಿಂದ ವೋಲ್ಟೇಜ್ ಏರಿ ಬರುತ್ತದೆ. ಫಾಲ್ಟ್ ಹತ್ತಿರವಿದ್ದರೆ ಕರೆಂಟೂ ಜಾಸ್ತಿ, ಈ ಏರಿಕೆಯೂ ಜೋರು. ಉಳಿದ ಬಿಸಿ ಹಾದಿಯಲ್ಲಿ ಸಣ್ಣ ಕರೆಂಟ್ ಹರಿದು ಮತ್ತೆ ಕಾಯಿಸುತ್ತದೆ. ಗ್ಯಾಸ್ ಆರಿಸುತ್ತದೆ. ಈ ಜಗಳ ಕೆಲವೇ ಮೈಕ್ರೋಸೆಕೆಂಡ್‌ನಲ್ಲಿ ಮುಗಿಯುತ್ತದೆ. ಬ್ರೇಕರ್ ಪಾಸೋ ಫೇಲೋ ಅಲ್ಲೇ ತೀರ್ಮಾನ. ಈಗ ನಿಮ್ಮ ಸಂಖ್ಯೆಗಳನ್ನು ನೋಡಿ. 40ರ 90 ಪರ್ಸೆಂಟ್ ಅಂದರೆ 36 ಕಿಲೋಆಂಪಿಯರ್. ಸೊನ್ನೆ ಹತ್ತಿರ ಕರೆಂಟ್ ಮೈಕ್ರೋಸೆಕೆಂಡ್‌ಗೆ 16 ಆಂಪಿಯರ್ ಇಳಿಯುತ್ತದೆ. 50 ಮೈಕ್ರೋಸೆಕೆಂಡ್ ಸ್ಟೆಪ್ ಅಂದರೆ ಒಂದೇ ಹೆಜ್ಜೆಗೆ 800 ಆಂಪಿಯರ್! ಬೆಳಗಾವಿಯಲ್ಲಿ ಬಸ್ ಹತ್ತಿ ಕಣ್ಣು ಮುಚ್ಚಿದವರು ಹುಬ್ಬಳ್ಳಿಯಲ್ಲಿ ಎದ್ದ ಹಾಗೆ. ಕಿತ್ತೂರು ಬಂದು ಹೋದದ್ದು ಗೊತ್ತೇ ಇಲ್ಲ.

ಸರಿಮಾಡುವುದು ಹೀಗೆ. ಆ ಸಾಲನ್ನು ಅಳಿಸಿ. ಕಂಡಕ್ಟೆನ್ಸ್ ಬದಲು ಅದರ ಲಾಗರಿದಮ್ ಅನ್ನು ಸ್ಟೇಟ್ ವೇರಿಯಬಲ್ (ಪ್ರತಿ ಹೆಜ್ಜೆಯಲ್ಲೂ ಲೆಕ್ಕ ಹಾಕುವ ಸಂಖ್ಯೆ) ಮಾಡಿಕೊಳ್ಳಿ. ಆಗ ಕಂಡಕ್ಟೆನ್ಸ್ ಎಷ್ಟೇ ಇಳಿದರೂ ಸೊನ್ನೆಯೂ ಆಗುವುದಿಲ್ಲ, ಮೈನಸ್‌ಗೂ ಹೋಗುವುದಿಲ್ಲ. ಭಾಗಾಕಾರದ ಎರರ್ ತಾನಾಗಿಯೇ ಹೋಗುತ್ತದೆ. ಸ್ಟಿಫ್ ಸಾಲ್ವರ್ (ತಟ್ಟನೆ ಬದಲಾಗುವ ಸಮೀಕರಣ ಬಿಡಿಸುವ ವಿಧಾನ) ಆರಿಸಿ, ಸೊನ್ನೆಯ ಆಸುಪಾಸಿನಲ್ಲಿ ಸ್ಟೆಪ್ 0.01 ಮೈಕ್ರೋಸೆಕೆಂಡ್ ಮೀರದಂತೆ ಇಡಿ. ಎಲ್ಲ ಕಡೆ ಅಷ್ಟು ಚಿಕ್ಕದು ಬೇಡ. ಲ್ಯಾಪ್‌ಟಾಪ್ ಮೇಲೆ ರೊಟ್ಟಿ ಸುಡಬೇಕಾಗುತ್ತದೆ.

ಆಮೇಲೆ ಲೈನ್ ಜೋಡಿಸುವ ಮೊದಲು ಆರ್ಕ್ ಬ್ಲಾಕ್ ಒಂದನ್ನೇ ಪರೀಕ್ಷೆ ಮಾಡಿ. ನೇರ ಗೆರೆಯಲ್ಲಿ ಇಳಿಯುವ ಕರೆಂಟ್ ಕೊಡಿ, ಮೈಕ್ರೋಸೆಕೆಂಡ್‌ಗೆ 16 ಆಂಪಿಯರ್. ಮೇಯರ್ ಸಮೀಕರಣವನ್ನು ಇದಕ್ಕೆ ಹಾಳೆ ಮೇಲೇ ಬಿಡಿಸಬಹುದು. ಇಳಿಕೆಯ ವೇಗವನ್ನು ಟೈಮ್ ಕಾನ್‌ಸ್ಟಂಟ್‌ನಿಂದ ಗುಣಿಸಿ, ವರ್ಗ ಮಾಡಿ, ಎರಡರಿಂದ ಗುಣಿಸಿ, ಕೂಲಿಂಗ್ ಪವರ್‌ನಿಂದ ಭಾಗಿಸಿ. ಸೊನ್ನೆಯ ಗಳಿಗೆಯ ಕಂಡಕ್ಟೆನ್ಸ್ ಅದೇ. ನಿಮ್ಮ ಸಂಖ್ಯೆಗಳಿಗೆ ಸುಮಾರು 1.5 ಮಿಲಿಸೀಮೆನ್ಸ್, ಅಂದರೆ ಸುಮಾರು 670 ಓಮ್. ಸಿಮ್ಯುಲೇಷನ್‌ನಲ್ಲಿ ಇದು ಬರದಿದ್ದರೆ ಮುಂದಕ್ಕೆ ಹೋಗಲೇಬೇಡಿ.

ಎರಡನೇ ಸೆಮ್ ಅಕ್ಕ (ಬೆಳಗಾವಿ):

ನಂದೂ ಒಂದು ಮಾತು. ಮೇಯರ್ ಮಾಡೆಲ್ 1943ರದು, ಕ್ಯಾಸಿ ಅನ್ನುವ ಇನ್ನೊಂದು ಆರ್ಕ್ ಮಾಡೆಲ್ 1939ರದು. ಹಳೆಯವು ಅಂತ ಅಸಡ್ಡೆ ಬೇಡ, ಆದರೆ ಎರಡರ ಜಾಗ ಬೇರೆ ಬೇರೆ. ಮೇಯರ್‌ನಲ್ಲಿ ಕೂಲಿಂಗ್ ಪವರ್ ಬದಲಾಗುವುದಿಲ್ಲ. 36 ಕಿಲೋಆಂಪಿಯರ್ ಹರಿಯುವಾಗ 30.9 ಕಿಲೋವ್ಯಾಟ್ ಅಂದರೆ ಆರ್ಕ್ ವೋಲ್ಟೇಜ್ ಒಂದು ವೋಲ್ಟ್‌ಗಿಂತ ಕಡಿಮೆ! ವೆಲ್ಡಿಂಗ್ ಆರ್ಕ್‌ಗೇ ಇಪ್ಪತ್ತು-ಮೂವತ್ತು ವೋಲ್ಟ್ ಬೇಕಲ್ವಾ? ಜಾಸ್ತಿ ಕರೆಂಟ್ ಇರುವ ಹೊತ್ತಿಗೆ ಕ್ಯಾಸಿ ಹಾಕು, ಸೊನ್ನೆ ಹತ್ತಿರ ಮೇಯರ್. ವೈವಾದಲ್ಲಿ ಇದನ್ನು ಕೇಳೇ ಕೇಳುತ್ತಾರೆ. ನನ್ನನ್ನು ಕೇಳಿದ್ದರು, ನಾನು ಕಿಟಕಿ ನೋಡಿದ್ದೆ.

ಸ್ವಿಚ್‌ಯಾರ್ಡ್ ಕಾಕಾ (ಬಾಗಲಕೋಟೆ):

ನಾನು ಸಿಮ್ಯುಲೇಷನ್ ಮಾಡಿದವನಲ್ಲ. 220 ಕೆವಿ ಸ್ಟೇಷನ್‌ನಲ್ಲಿ ಮೇಂಟೆನೆನ್ಸ್ ಮಾಡಿ ನಿವೃತ್ತನಾದವನು. ತಮ್ಮಾ, ನೀನು ಆರಿಸಿದ ಫಾಲ್ಟ್ ನನಗೆ ಚೆನ್ನಾಗಿ ಗೊತ್ತು. ನಮ್ಮ ಕಡೆ ಕಬ್ಬು ಕಡಿದ ಮೇಲೆ ಹೊಲದಲ್ಲಿ ರವದಿ (ಒಣಗಿದ ಕಬ್ಬಿನ ಎಲೆ) ಸುಡುತ್ತಾರೆ. ಲೈನ್ ಕೆಳಗೆ ಬೆಂಕಿ, ಮೇಲೆ ದಟ್ಟ ಹೊಗೆ. ಢಂ ಅಂತ ಟ್ರಿಪ್. ಸ್ಟೇಷನ್ ಪಕ್ಕದ ಹೊಲವಾದರೆ ಅದೇ ನಿನ್ನ ಶಾರ್ಟ್ ಲೈನ್ ಫಾಲ್ಟ್. ದೂರದ ಫಾಲ್ಟ್‌ಗಿಂತ ಅದು ಬ್ರೇಕರ್‌ನ ಜೀವ ಹಿಂಡುತ್ತದೆ ಅಂತ ಟ್ರೇನಿಂಗ್‌ನಲ್ಲಿ ಹೇಳಿದ್ದರು. ಯಾಕೆ ಅಂತ ಇವತ್ತು ತಿಳಿಯಿತು.

ನೀವು ಯಾರೂ ನಾಝಲ್ (ಆರ್ಕ್ ಮೇಲೆ ಗ್ಯಾಸ್ ಹಾಯಿಸುವ ಕೊಳವೆ) ಬಗ್ಗೆ ಮಾತಾಡಲಿಲ್ಲ. ಬ್ರೇಕರ್ ಬಿಚ್ಚಿದಾಗ ನಾನು ನೋಡಿದ್ದು ಅದನ್ನೇ. ಟೆಫ್ಲಾನ್ ನಾಝಲ್, ಹೊಸದಿದ್ದಾಗ ಹಾಲಿನಂತೆ ಬೆಳ್ಳಗೆ. ಹಲವು ಫಾಲ್ಟ್ ಕಂಡಿದ್ದು ಒಳಗೆ ಕಂದು ತಿರುಗಿ, ಕೊರಳು ಅಗಲವಾಗಿರುತ್ತದೆ. ತಾಮ್ರ-ಟಂಗ್‌ಸ್ಟನ್ ಆರ್ಕಿಂಗ್ ಕಾಂಟ್ಯಾಕ್ಟ್‌ನ ತುದಿ ಕರಗಿ ಮೊಂಡಾಗಿರುತ್ತದೆ. ಅಡಿಯಲ್ಲಿ ಬಿಳಿ ಪುಡಿ, ಕೊಳೆತ ಮೊಟ್ಟೆಯ ವಾಸನೆ. ಆ ಪುಡಿ ವಿಷ, ಮಾಸ್ಕ್ ಗ್ಲೌಸ್ ಇಲ್ಲದೆ ಮುಟ್ಟಬಾರದು. ನಿನ್ನ 30.9 ಕಿಲೋವ್ಯಾಟ್ ಯಾವ ನಾಝಲ್‌ದು? ಹೊಸದೋ, ಸವೆದದ್ದೋ?

ಇಂಡಿ ನಿಂಬೆಹಣ್ಣು:

ಕಾಕಾ, ಒಳ್ಳೆಯ ಪ್ರಶ್ನೆ ಕೇಳಿದಿರಿ. 0.3 ಮೈಕ್ರೋಸೆಕೆಂಡ್, 30.9 ಕಿಲೋವ್ಯಾಟ್, ಆ ಎರಡು ಸಂಖ್ಯೆ ಗ್ಯಾಸ್‌ನ ಗುಣ ಅಲ್ಲ. ಒಂದು ಬ್ರೇಕರ್, ಒಂದು ಒತ್ತಡ, ಒಂದು ನಾಝಲ್‌ಗೆ ಟೆಸ್ಟ್ ಮಾಡಿ ಅಳೆದು ತೆಗೆದದ್ದು. ಹಾಗಾಗಿ ಮೇಯರ್ ಇಟ್ಟುಕೊಂಡು ಹೊಸ ನಾಝಲ್ ಡಿಸೈನ್ ಮಾಡಲು ಆಗುವುದಿಲ್ಲ. ಅದಕ್ಕೆ ಗ್ಯಾಸ್ ಹರಿವು, ಕಾಂತಕ್ಷೇತ್ರ, ಬೆಳಕಿನಲ್ಲಿ ಹೋಗುವ ಶಾಖ ಎಲ್ಲವನ್ನೂ ಒಟ್ಟಿಗೆ ಬಿಡಿಸುವ ದೊಡ್ಡ ಸಿಮ್ಯುಲೇಷನ್ ಬೇಕು. ಆರ್ಕ್‌ನ ನಡುಭಾಗ ಸುಮಾರು 20,000 ಡಿಗ್ರಿ. ಅದರ ಬೆಳಕೇ ಟೆಫ್ಲಾನ್ ಗೋಡೆಯನ್ನು ಆವಿ ಮಾಡುತ್ತದೆ. ಆ ಆವಿ ಒತ್ತಡ ಹೆಚ್ಚಿಸಿ ಆರ್ಕ್ ಆರಿಸಲು ಸಹಾಯ ಮಾಡುತ್ತದೆ, ಜೊತೆಗೆ ಕೊರಳನ್ನೂ ಸವೆಸುತ್ತದೆ. ಈ ಲೆಕ್ಕದಲ್ಲಿ ಬೆಳಕಿನ ಭಾಗವೇ ಎಲ್ಲಕ್ಕಿಂತ ಕಷ್ಟ. ನಮ್ಮಲ್ಲಿ ಅದಕ್ಕೇ ತಲೆ ಜಾಸ್ತಿ ಬಿಸಿಯಾಗುವುದು.

ಹಾಗೆ ಮಾಡಿದರೂ ನಾವು "ಈ ಬ್ರೇಕರ್ 40 ಕಡಿಯುತ್ತದೆ" ಅಂತ ಕಂಪ್ಯೂಟರ್ ನೋಡಿ ಹೇಳುವುದಿಲ್ಲ. ಎರಡು ನಾಝಲ್‌ನಲ್ಲಿ ಯಾವುದು ವಾಸಿ ಅಂತ ಆರಿಸುತ್ತೇವೆ. ಕೊನೆಯ ಮಾತು ಟೆಸ್ಟ್ ಲ್ಯಾಬ್‌ದು. ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಂಥ (ಸಿಪಿಆರ್‌ಐ) ಕಡೆ ಇಂಥ ಟೆಸ್ಟ್ ಆಗುತ್ತವೆ. ಇಷ್ಟು ಕರೆಂಟ್, ಇಷ್ಟು ವೋಲ್ಟೇಜ್ ಒಂದೇ ಮೂಲದಿಂದ ಕೊಡುವುದು ಕಷ್ಟ. ಅದಕ್ಕೆ ಸಿಂಥೆಟಿಕ್ ಟೆಸ್ಟ್‌ನಲ್ಲಿ ಕರೆಂಟ್ ಒಂದು ಸರ್ಕ್ಯೂಟ್‌ನಿಂದ, ಸೊನ್ನೆಯ ನಂತರದ ವೋಲ್ಟೇಜ್ ಇನ್ನೊಂದರಿಂದ.

ಉದ್ಯಮಬಾಗ್ ಹುಡುಗ:

ಮೂರು ದಿನ ಬಿಟ್ಟು ಬಂದೆ, ಕ್ಷಮಿಸಿ.

ಬರೀ ಆರ್ಕ್ ಬ್ಲಾಕ್‌ಗೆ 671 ಓಮ್ ಬಂತು. ರೂಮ್‌ನಲ್ಲಿ ಒಬ್ಬನೇ ಚಪ್ಪಾಳೆ ಹೊಡೆದೆ. ಆಮೇಲೆ ಲೈನ್ ಜೋಡಿಸಿದೆ, ಸರ್ಜ್ ಇಂಪೀಡೆನ್ಸ್ (ಲೈನ್‌ನಲ್ಲಿ ಓಡುವ ವಿದ್ಯುತ್ ಅಲೆಗೆ ಲೈನ್ ಒಡ್ಡುವ ತಡೆ) 450 ಓಮ್. ಸೊನ್ನೆಯ ನಂತರ ವೋಲ್ಟೇಜ್ ಮೈಕ್ರೋಸೆಕೆಂಡ್‌ಗೆ 7.2 ಕೆವಿ ಏರಬೇಕು ಅಂತ ಹಾಳೆ ಮೇಲಿನ ಲೆಕ್ಕ. ಅದಕ್ಕೆ ಹತ್ತಿರವೇ ಬಂತು. 40 ಪಾಸ್. 63ರಲ್ಲಿ ಆರ್ಕ್ ಆರಿತು ಅನ್ನುವಷ್ಟರಲ್ಲಿ ಒಂದು ಮೈಕ್ರೋಸೆಕೆಂಡ್ ಚಿಲ್ಲರೆ ಎಳೆದಾಡಿ ಮತ್ತೆ ಹೊತ್ತಿಕೊಂಡಿತು. 100ರಲ್ಲಿ ನೇರ ಫೇಲ್. ಬ್ರೇಕರ್ ಫೇಲ್ ಆದದ್ದಕ್ಕೆ ಇಷ್ಟು ಖುಷಿ ಪಟ್ಟವನು ನಾನೊಬ್ಬನೇ ಇರಬೇಕು.

ಅಕ್ಕಾ, ಕ್ಯಾಸಿ ಇನ್ನೂ ಸೇರಿಸಿಲ್ಲ. ಈ ವಾರ ಮಾಡುತ್ತೇನೆ.

ಕಾಕಾ, ನಾಝಲ್ ಸವೆತವನ್ನು ಒಂದು ಅಧ್ಯಾಯ ಮಾಡೋಣ ಅನ್ನಿಸಿದೆ. ಸವೆದ ಕೊರಳು ಎಷ್ಟು ಅಗಲ ಆಗುತ್ತದೆ ಅಂತ ಅಂದಾಜು ಇದೆಯಾ?

ಸ್ವಿಚ್‌ಯಾರ್ಡ್ ಕಾಕಾ:

ಅಂದಾಜು ಯಾಕೆ? ಸ್ಕ್ರ್ಯಾಪ್ ಆದ ಒಂದು ನಾಝಲ್ ಮನೆಯಲ್ಲೇ ಇದೆ. ಪೂರ್ತಿ ತೊಳೆದು ತಂದದ್ದು, ಹೆದರಬೇಡ. ಮೊಮ್ಮಗಳು ಅದರಲ್ಲಿ ಪೆನ್ ಇಡುತ್ತಾಳೆ. ಸ್ಕೇಲ್ ಹಿಡಿದು ನೋಡಿದೆ, ಕೊರಳು ದುಂಡಗೇ ಉಳಿದಿಲ್ಲ. ಒಂದು ಕಡೆ ಜಾಸ್ತಿ ತಿಂದಿದೆ. ಸ್ಕೇಲ್‌ನಲ್ಲಿ ಅಳೆಯುವ ಮಾತಲ್ಲ ಇದು.

ಉದ್ಯಮಬಾಗ್ ಹುಡುಗ:

ಭಾನುವಾರ ಬರಲಾ ಕಾಕಾ? ಅಪ್ಪನ ವರ್ನಿಯರ್ ತರುತ್ತೇನೆ. ಅಪ್ಪನೂ ಬರುತ್ತೇನೆ ಅಂತಿದ್ದಾರೆ.