ಪೆಟ್ಟಿಗೆ ತೆರೆದದ್ದು ಯಾರು

ಆರಿದ್ರಾ ಮಳೆ ಹಿಡಿದು ನಾಲ್ಕು ದಿನವಾಗಿತ್ತು. ಬೆಳಗ್ಗೆ ಆರೂವರೆಗೆ ತೀರ್ಥಹಳ್ಳಿಯ ದೊಡ್ಡಪ್ಪ ನಮ್ಮ ‘ಮೂಲಮನೆ ಬಳಗ’ ವಾಟ್ಸಾಪ್ ಗುಂಪಿಗೆ ಒಂದು ಚಿತ್ರ ಹಾಕಿದರು. ಕೆಂಪು ಸೇಬು, ಅದಕ್ಕೆ ಸುತ್ತಿಕೊಂಡ ಹಾವು, ಕೆಳಗೆ ಹಳದಿ ಅಕ್ಷರ:

“ಈವ್ ಸೇಬು ಕಚ್ಚಿದಳು, ಸ್ವರ್ಗ ಹೋಯಿತು. ಪಂಡೋರಾ ಪೆಟ್ಟಿಗೆ ತೆರೆದಳು, ಲೋಕಕ್ಕೆ ರೋಗ ಬಂತು. ಸೀತೆ ಗೆರೆ ದಾಟಿದಳು, ಲಂಕೆ ಹೊತ್ತಿತು. ಎಲ್ಲ ಧರ್ಮಗಳೂ ಹೇಳುವುದು ಒಂದೇ: ಹೆಣ್ಣಿನ ಕುತೂಹಲವೇ ಕೇಡಿನ ಮೂಲ. ಮಗಳ ಕೈಗೆ ಮೊಬೈಲ್ ಕೊಡುವ ಮುನ್ನ ಯೋಚಿಸಿ.”

ಹತ್ತು ನಿಮಿಷದಲ್ಲಿ ಒಂಬತ್ತು ಜನ ಕೈಮುಗಿದರು. ಪೂರ್ತಿ ಓದಿದವರು ಎಷ್ಟು ಮಂದಿಯೋ. ನನಗೆ ತಡೆಯದೇ ಹೋದದ್ದು ಒಂದು ಕಾರಣಕ್ಕೆ: ಆ ಗುಂಪಿನಲ್ಲಿ ದೊಡ್ಡಪ್ಪನ ತಂಗಿ, ನಮ್ಮ ಅತ್ತೆಯೂ ಇದ್ದಾರೆ. ಅವರು ಏನೂ ಬರೆಯುವುದಿಲ್ಲ, ಎಲ್ಲವನ್ನೂ ಓದುತ್ತಾರೆ.

ತಮ್ಮ: ಇದಕ್ಕೆ ಮೂಲ ಯಾವುದು, ದೊಡ್ಡಪ್ಪ?

ದೊಡ್ಡಪ್ಪ: ನಿನಗೆ ಎಲ್ಲದಕ್ಕೂ ಮೂಲ ಬೇಕು. ಕೊರೋನಾ ಕಾಲದಲ್ಲಿ ಕಷಾಯಕ್ಕೂ ಮೂಲ ಕೇಳಿದವನು ನೀನು. ಹಿರಿಯರ ಅನುಭವವೇ ಮೂಲ.

ತಮ್ಮ: ಚಿತ್ರ ಮಾಡಿದವರು ಯಾವ ಹಿರಿಯರು?

ಸಾಗರದ ಭಾವ: ಹಣ್ಣು ಎಂದಾಗ ನೆನಪಾಯಿತು. ಬಾವಿಕಟ್ಟೆಯ ಪಕ್ಕದ ಪನ್ನೇರಳೆ ಮರ ಯಾರಿಗೆಲ್ಲ ನೆನಪಿದೆ? ಅದರಲ್ಲಿ ಬ್ರಹ್ಮರಾಕ್ಷಸ ಇದ್ದಾನೆ ಎಂದು ಅಜ್ಜ ಹೆದರಿಸುತ್ತಿದ್ದರು. ನಾವು ಮಧ್ಯಾಹ್ನ ಅವರು ಮಲಗಿದ ಮೇಲೆ ಹತ್ತುತ್ತಿದ್ದೆವು.

ಚಿಕ್ಕಮ್ಮ: ಆ ಹಣ್ಣಿನ ವಾಸನೆ! ಕೊಯ್ದು ಸೀರೆಯ ಮಡಿಲಲ್ಲಿ ಇಟ್ಟುಕೊಂಡರೆ ಸಂಜೆಯವರೆಗೂ ಇರುತ್ತಿತ್ತು.

ಸಾಗರದ ಭಾವ: ಬಾವಿಗೆ ಬಿದ್ದೀರಿ ಎಂದು ನೇರವಾಗಿ ಹೇಳಿದ್ದರೆ ನಾವು ಹತ್ತುತ್ತಲೇ ಇರಲಿಲ್ಲ.

ಪನ್ನೇರಳೆಯ ಮೇಲೆ ಇಪ್ಪತ್ತು ಸಂದೇಶಗಳು ಹೋದವು. ನಾನು ಅಷ್ಟರಲ್ಲಿ ಚಹಾ ಮುಗಿಸಿ ಬರೆಯಲು ಕುಳಿತೆ.

ನಾನು: ದೊಡ್ಡಪ್ಪ, ಕೋಪ ಮಾಡಿಕೊಳ್ಳದೆ ಓದಿ. ಬೈಬಲಿನ ಆದಿಕಾಂಡದಲ್ಲಿ ಸೇಬು ಇಲ್ಲ. ಒಳ್ಳೆಯದರ ಕೆಟ್ಟದ್ದರ ಅರಿವನ್ನು ಕೊಡುವ ಮರದ ಹಣ್ಣು ಎಂದಷ್ಟೇ ಇದೆ. ಲ್ಯಾಟಿನ್ನಿನಲ್ಲಿ ‘ಮಾಲುಮ್’ ಎಂದರೆ ಸೇಬು, ‘ಮಲುಮ್’ ಎಂದರೆ ಕೇಡು. ಸೇಬು ಒಳಗೆ ನುಸುಳಿದ್ದು ಈ ದಾರಿಯಲ್ಲಿ ಎನ್ನುವವರಿದ್ದಾರೆ. 1667ರಲ್ಲಿ ಮಿಲ್ಟನ್ ಕವಿ ತನ್ನ ಕಾವ್ಯದಲ್ಲಿ ಅದನ್ನು ಸೇಬು ಎಂದೇ ಕರೆದ. ಹಾವು ಸೈತಾನನೆಂದೂ ಆದಿಕಾಂಡದ ಆ ಕಥೆ ಹೇಳುವುದಿಲ್ಲ. ಹಣ್ಣು ತಿನ್ನುವಾಗ ಗಂಡ ಜೊತೆಯಲ್ಲೇ ಇದ್ದ, ಅವನೂ ತಿಂದ. ದೇವರು ಕೇಳಿದಾಗ ಮಾತ್ರ, ನೀನು ಕೊಟ್ಟ ಈ ಹೆಂಗಸೇ ನನಗೆ ಕೊಟ್ಟಳು ಎಂದು ಬೆರಳು ತೋರಿಸಿದ. ಎಲ್ಲ ಧರ್ಮಗಳೂ ಎಂದು ಬರೆದಿದ್ದಾರಲ್ಲ, ಕುರಾನಿನಲ್ಲಿ ಇಬ್ಬರೂ ಮೋಸಹೋಗುತ್ತಾರೆ, ಇಬ್ಬರೂ ಕ್ಷಮೆ ಕೇಳುತ್ತಾರೆ. ಅಲ್ಲಿ ಪಾಪ ಮಕ್ಕಳ ತಲೆಗೆ ಇಳಿದುಬರುವುದೇ ಇಲ್ಲ.

ನಾನು: ಪಂಡೋರಾಳ ಕೈಯಲ್ಲಿ ಪೆಟ್ಟಿಗೆಯೂ ಇರಲಿಲ್ಲ. ಗ್ರೀಕ್ ಕವಿ ಹೆಸಿಯಡ್ ಹೇಳುವುದು ದವಸ, ಎಣ್ಣೆ ತುಂಬಿಡುವ ಗುಡಾಣ. ಅದು ಪೆಟ್ಟಿಗೆಯಾದದ್ದು 16ನೇ ಶತಮಾನದಲ್ಲಿ, ಎರಾಸ್ಮಸ್ ಎಂಬ ಪಂಡಿತ ಲ್ಯಾಟಿನ್ನಿಗೆ ತಂದಾಗ. ತೆರೆಯಬೇಡ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಜ್ಯೂಸ್ ದೇವನಿಂದ ಏನು ಬಂದರೂ ತೆಗೆದುಕೊಳ್ಳಬೇಡ ಎಂದು ಪ್ರೊಮಿತಿಯಸ್ ಎಚ್ಚರಿಸಿದ್ದು ತನ್ನ ತಮ್ಮನನ್ನು. ತಮ್ಮ ಕೇಳದೆ, ಜ್ಯೂಸ್ ಕಳಿಸಿದ ಪಂಡೋರಾಳನ್ನು ಒಪ್ಪಿಕೊಂಡ. ಇನ್ನು ಸೀತೆ. ವಾಲ್ಮೀಕಿಯ ಅರಣ್ಯಕಾಂಡದಲ್ಲಿ ಲಕ್ಷ್ಮಣ ಗೆರೆ ಎಳೆಯುವುದಿಲ್ಲ. ವನದೇವತೆಗಳು ನಿನ್ನನ್ನು ಕಾಯಲಿ ಎಂದು ಹೇಳಿ ಹೊರಡುತ್ತಾನೆ. ಅವಳು ಮಾಡಿದ್ದು ಬಾಗಿಲಿಗೆ ಬಂದ ಸನ್ಯಾಸಿಗೆ ಅತಿಥಿ ಸತ್ಕಾರ. ಸೇಬು, ಪೆಟ್ಟಿಗೆ, ಗೆರೆ ಮೂರೂ ಆಮೇಲೆ ಬಂದವು. ಆ ಮೂರರ ಮೇಲೆಯೇ ಈ ಚಿತ್ರ ನಿಂತಿದೆ.

ಹೊಸನಗರದ ಚಿಕ್ಕಪ್ಪ: ಎಲೆಚುಕ್ಕೆ ರೋಗಕ್ಕೆ ಯಾರು ಏನು ಹೊಡೆದಿರಿ? ನಮ್ಮಲ್ಲಿ ಕೆಳಗಿನ ತೋಟಕ್ಕೂ ಇಳಿದಿದೆ.

ದೊಡ್ಡಪ್ಪ: ಕಾಲೇಜಿನಲ್ಲಿ ಪಾಠ ಮಾಡುವವಳು ಇಲ್ಲಿಯೂ ಪಾಠ ಮಾಡಬೇಡ. ಪರದೇಶದ ಕಥೆ ಬಿಡು. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯರು ಗಾರ್ಗಿಗೆ ಏನೆಂದರು? ಅತಿಯಾಗಿ ಕೇಳಬೇಡ, ತಲೆ ಉರುಳೀತು ಎಂದರು. ಎಲ್ಲ ವಿದ್ಯೆ ಎಲ್ಲರಿಗೂ ಅಲ್ಲ.

ನಾನು: ಹೌದು, ಹಾಗೆ ಅಂದರು. ಅವಳು ಕುಳಿತುಕೊಂಡಳು. ಒಂದು ಬ್ರಾಹ್ಮಣ, ಅಂದರೆ ಒಂದು ಭಾಗ, ಬಿಟ್ಟು ಮುಂದಿನದನ್ನೂ ಓದಿ ದೊಡ್ಡಪ್ಪ. ಅವಳು ಮತ್ತೆ ಎದ್ದು ನಿಲ್ಲುತ್ತಾಳೆ, ಎರಡು ಬಾಣ ಹಿಡಿದು ಬಂದ ವೀರನಂತೆ ಎರಡು ಪ್ರಶ್ನೆ ತಂದಿದ್ದೇನೆ ಎನ್ನುತ್ತಾಳೆ. ಯಾಜ್ಞವಲ್ಕ್ಯರು ಈ ಸಲ ಉತ್ತರ ಕೊಡುತ್ತಾರೆ. ಅವಳ ತಲೆ ಉರುಳಲಿಲ್ಲ. ನಚಿಕೇತನಿಗೂ ಯಮ ಬೇರೆ ಏನಾದರೂ ಕೇಳು ಎಂದು ಆನೆ, ಕುದುರೆ, ಚಿನ್ನ ಎಲ್ಲ ತೋರಿಸಿದ. ಹುಡುಗ ಹಟ ಬಿಡಲಿಲ್ಲ. ಯಮನೇ ಮೆಚ್ಚಿ ಹೇಳಿಕೊಟ್ಟ.

ತಮ್ಮ: ಇದಕ್ಕೆ ಮೂಲ ಇದೆ.

ದೊಡ್ಡಪ್ಪ: ನೀವಿಬ್ಬರೂ ನಿಮ್ಮ ಅಪ್ಪನ ಹಾಗೆಯೇ. ಪಾಲಿನ ದಿನ ಅವನೂ ಪಂಚರ ಮುಂದೆ ಹೀಗೆಯೇ ಕಾಗದ ಎತ್ತಿ ಹಿಡಿದಿದ್ದ. ಪುರಾಣ ಬೇಡ, ನಮ್ಮ ಮನೆಯನ್ನೇ ನೋಡಿ. ಅಪ್ಪಯ್ಯನ ಪೆಟ್ಟಿಗೆ ತೆರೆದದ್ದು ಯಾರು? ಅಂದಿನಿಂದ ತಾನೇ ತೋಟ ಹೋದದ್ದು?

ಮಾತು ಕೊನೆಗೆ ಅಲ್ಲಿಗೇ ಬಂತು. ಈ ಕಥೆಯನ್ನು ಕೇಳುತ್ತಲೇ ನಾವೆಲ್ಲ ಬೆಳೆದವರು. ಏಳನೆಯ ತರಗತಿಯಲ್ಲಿದ್ದ ಅತ್ತೆ ಅಜ್ಜನ ಮರದ ಪೆಟ್ಟಿಗೆಯ ಬೀಗ ತೆಗೆದು, ಕದ್ದು ಕಾಗದ ಓದಿದರು, ಅಡಮಾನದ ಸುದ್ದಿ ಹೊರಬಿತ್ತು, ಅಣ್ಣತಮ್ಮಂದಿರಲ್ಲಿ ಜಗಳ ಹುಟ್ಟಿತು, ಮನೆ ಒಡೆಯಿತು. ಆ ವರ್ಷವೇ ಅತ್ತೆಯ ಶಾಲೆ ಬಿಡಿಸಿದರು. ಹೆಣ್ಣುಮಕ್ಕಳು ಯಾರಾದರೂ ಅಲಮಾರಿಗೆ ಕೈ ಹಾಕಿದರೆ ಸಾಕು, “ಅತ್ತೆಯ ಚಾಳಿ” ಎನ್ನುತ್ತಿದ್ದರು. ನನಗೂ ಅಂದಿದ್ದಾರೆ.

ನಾನು: ದೊಡ್ಡಪ್ಪ, ಕಾಗದ ಓದಿದ್ದರಿಂದ ಅಡಮಾನ ಆಯಿತೇ, ಅಡಮಾನ ಆಗಿದ್ದರಿಂದ ಕಾಗದ ಇತ್ತೇ? ತೋಟ ಪೇಟೆಯ ಸಾಹುಕಾರರ ಕೈಗೆ ಹೋಗಿ ಆಗಲೇ ಎಷ್ಟು ಕಾಲವಾಗಿತ್ತು? ಅಲ್ಲಮಪ್ರಭು ಹುಟ್ಟಿದ ಬಳ್ಳಿಗಾವಿ ನಮ್ಮ ಜಿಲ್ಲೆಯದೇ. ಹೆಣ್ಣು ಮಾಯೆಯಲ್ಲ, ಹೊನ್ನು ಮಾಯೆಯಲ್ಲ, ಮಣ್ಣು ಮಾಯೆಯಲ್ಲ, ಮನದ ಮುಂದಣ ಆಸೆಯೇ ಮಾಯೆ ಎಂದು 12ನೇ ಶತಮಾನದಲ್ಲಿ ಹೇಳಿ ಹೋದವರು ಅವರು. ನಮ್ಮ ಮನೆಯಲ್ಲಿ ಇನ್ನೂ ಒಬ್ಬ ಹುಡುಗಿಯ ಮೇಲೆ ಹೊರಿಸುತ್ತಿದ್ದೇವೆ.

ಸಾಗರದ ಭಾವ: ಬಿಡಿ, ಹಳೆಯ ಮಾತು ಯಾಕೆ. ಆ ಮರ ಇನ್ನೂ ಇದೆಯೇ?

ಯಾರೂ ಉತ್ತರ ಕೊಡಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಅತ್ತೆಯ ಹೆಸರು ಕಾಣಿಸಿತು. ಗುಂಪು ಮಾಡಿ ಆರು ವರ್ಷವಾಗಿದೆ. ಅವರ ಮೊದಲ ಸಂದೇಶ ಇದು.

ಅತ್ತೆ: ಅಣ್ಣ, ಆ ಪೆಟ್ಟಿಗೆಗೆ ಬೀಗವಿರಲಿಲ್ಲ. ಕೊಂಡಿಗೆ ಬಾಳೆಪಟ್ಟೆಯ ಹಗ್ಗ ಕಟ್ಟಿತ್ತು. ಬಿಚ್ಚು ಎಂದವರು ಅಪ್ಪಯ್ಯ. ಆ ವರ್ಷ ಅವರಿಗೆ ಕಣ್ಣು ಮಂಜಾಗಿತ್ತು, ಯಾರಿಗೂ ಹೇಳಿರಲಿಲ್ಲ. ಬಚ್ಚಲೊಲೆಯ ಮುಂದೆ ಕೂರಿಸಿಕೊಂಡು ಓದಿಸಿದರು. ‘ಅವಧಿ ಮೀರಿದಲ್ಲಿ’ ಎಂಬಲ್ಲಿಗೆ ಬಂದಾಗ ಇನ್ನೊಮ್ಮೆ ಓದು ಎಂದರು. ಅಮ್ಮ ಹಂಡೆಗೆ ನೀರು ಹಾಕಲು ಬಂದವಳು ಬಾಗಿಲಲ್ಲೇ ನಿಂತು ಕೇಳಿದಳು. ಮಾರನೆಯ ದಿನ ನಿಮ್ಮೆಲ್ಲರ ಮುಂದೆ, ಇವಳು ಕದ್ದು ಓದಿದಳು ಎಂದು ಅಪ್ಪಯ್ಯ ಹೇಳಿದರು. ಅಮ್ಮನಿಗೆ ಗೊತ್ತಿತ್ತು, ಸುಮ್ಮನಿದ್ದಳು. ನಾನೂ ಸುಮ್ಮನಿದ್ದೆ.

ಎಲ್ಲರೂ ಓದಿದ್ದಾರೆ ಎಂದು ನೀಲಿ ಗೀಟುಗಳು ತೋರಿಸಿದವು. ಒಬ್ಬರೂ ಕೈಮುಗಿಯಲಿಲ್ಲ. ನಾನು ಎರಡು ಸಲ ಏನೋ ಬರೆದು ಅಳಿಸಿದೆ. ಹೊರಗೆ ಮಳೆ ಒಂದೇ ಸಮನೆ ಹೊಯ್ಯುತ್ತಿತ್ತು.

ಸಂಜೆ ನಾಲ್ಕಕ್ಕೆ ದೊಡ್ಡಪ್ಪ ಬರೆದರು.

ದೊಡ್ಡಪ್ಪ: ಆ ಕಾಗದದಲ್ಲಿ ಮತ್ತೆ ಏನೇನಿತ್ತು, ತಂಗಿ? ಪೂರ್ತಿ ನೆನಪಿದೆಯೇ?

ಅತ್ತೆ ಟೈಪ್ ಮಾಡುತ್ತಿದ್ದಾರೆ ಎಂದು ಬಂತು. ದೀಪ ಹಚ್ಚುವ ಹೊತ್ತಾದರೂ ಹಾಗೆಯೇ ಬಂದು ಹೋಗಿ ಬರುತ್ತಿತ್ತು.