ತೂಕದ ಯಂತ್ರದ ಪ್ರೋಗ್ರಾಂ ಹೊಸ ಕಂಪ್ಯೂಟರಿನಲ್ಲಿ ನಡೆಯುತ್ತಿಲ್ಲ: ‘ಸೀರಿಯಲ್’ ಮಾಡ್ಯೂಲಿನ ದೋಷ, ಹೊರಗಿನ ಪ್ಯಾಕೇಜುಗಳ ಸಂಶಯ

ಪ್ರಶ್ನೆ (ಬ್ಯಾಡಗಿಯಿಂದ)

ಎಲ್ಲರಿಗೂ ನಮಸ್ಕಾರ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ನಮ್ಮದೊಂದು ದಲಾಲಿ ಅಂಗಡಿ ಇದೆ. ಲೆಕ್ಕ ಬರೆಯುವ ಕೆಲಸ ನನ್ನದು. ಎಲೆಕ್ಟ್ರಾನಿಕ್ ತೂಕದ ಯಂತ್ರದಿಂದ ಚೀಲದ ತೂಕವನ್ನು ನೇರವಾಗಿ ಕಂಪ್ಯೂಟರಿಗೆ ತೆಗೆದುಕೊಂಡು, ಚೀಟಿ ಮುದ್ರಿಸಿ, ರೈತರ ಮೊಬೈಲಿಗೆ ಎಸ್ಸೆಮ್ಮೆಸ್ ಕಳಿಸುವ ಪೈಥಾನ್ ಪ್ರೋಗ್ರಾಮೊಂದನ್ನು ನನ್ನ ಸೋದರಳಿಯ ಮೂರು ವರ್ಷದ ಹಿಂದೆ ಬರೆದುಕೊಟ್ಟಿದ್ದ. ಅವನೀಗ ನೌಕರಿಗೆಂದು ಪುಣೆಯಲ್ಲಿದ್ದಾನೆ. ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕೆಟ್ಟಿದ್ದರಿಂದ ಹೊಸ ಕಂಪ್ಯೂಟರ್ ತಂದು, ಪೆನ್ ಡ್ರೈವಿನಲ್ಲಿ ಉಳಿದಿದ್ದ ಪ್ರೋಗ್ರಾಮನ್ನು ಅದಕ್ಕೆ ಹಾಕಿದೆ.

ಮೊದಲು ‘ಸೀರಿಯಲ್ ಎಂಬ ಮಾಡ್ಯೂಲ್ ಇಲ್ಲ’ ಎಂಬ ದೋಷ ಬಂತು. ಪೈಥಾನ್ ಪ್ಯಾಕೇಜುಗಳನ್ನು ಇಂಟರ್ನೆಟ್ಟಿನಿಂದ ತಂದು ಹಾಕುವ ಪಿಪ್ ಕಮಾಂಡಿಗೆ ‘ಸೀರಿಯಲ್’ ಎಂದೇ ಹೆಸರು ಕೊಟ್ಟು ಅದನ್ನು ಇನ್‌ಸ್ಟಾಲ್ ಮಾಡಿದೆ. ಯಾವ ತಕರಾರೂ ಇಲ್ಲದೆ ಇನ್‌ಸ್ಟಾಲ್ ಆಯಿತು. ಆದರೆ ಈಗ ‘ಸೀರಿಯಲ್ ಮಾಡ್ಯೂಲಿನಲ್ಲಿ ಸೀರಿಯಲ್ ಎಂಬ ಆಟ್ರಿಬ್ಯೂಟ್ ಇಲ್ಲ’ ಎಂಬ ಬೇರೆ ದೋಷ ಬರುತ್ತಿದೆ. ಯಂತ್ರದ ಕೇಬಲ್ ಸರಿಯಾಗಿದೆ, ಡಿವೈಸ್ ಮ್ಯಾನೇಜರಿನಲ್ಲಿ ಅದರ ಪೋರ್ಟ್ ಕಾಮ್ 3 ಎಂದು ತೋರಿಸುತ್ತಿದೆ. ಗುರುವಾರದ ಟೆಂಡರಿಗೆ ಮುಂಚೆ ಇದು ಸರಿಹೋಗದಿದ್ದರೆ ಅಷ್ಟೂ ಚೀಲಗಳ ಚೀಟಿಯನ್ನು ಕೈಯಿಂದಲೇ ಬರೆಯಬೇಕಾಗುತ್ತದೆ. ಪ್ರೋಗ್ರಾಮನ್ನು ಪೂರ್ತಿಯಾಗಿ ಕೆಳಗೆ ಹಾಕಿದ್ದೇನೆ, ದಯವಿಟ್ಟು ನೋಡಿ ಹೇಳಿ.

ನಿರ್ವಾಹಕರ ಸೂಚನೆ

ತಾವು ಹಾಕಿದ ಪ್ರೋಗ್ರಾಮಿನಲ್ಲಿ ಎಸ್ಸೆಮ್ಮೆಸ್ ಸೇವೆಯ ರಹಸ್ಯ ಕೀಲಿ ಹಾಗೆಯೇ ಇತ್ತು; ಆ ಸಾಲನ್ನು ತೆಗೆದಿದ್ದೇವೆ. ಆದರೆ ಸುಮಾರು ನಲವತ್ತು ನಿಮಿಷ ಅದು ಎಲ್ಲರಿಗೂ ಕಾಣುತ್ತಿತ್ತು. ಅಳಿಸಿದ ಮಾತ್ರಕ್ಕೆ ಅದು ಮತ್ತೆ ರಹಸ್ಯವಾಗುವುದಿಲ್ಲವಾದ್ದರಿಂದ, ಬೇರೆ ಯಾವ ಕೆಲಸಕ್ಕೂ ಮುಂಚೆ ಸೇವಾದಾರರ ಪುಟಕ್ಕೆ ಹೋಗಿ ಹಳೆಯ ಕೀಲಿಯನ್ನು ರದ್ದು ಮಾಡಿ, ಹೊಸದನ್ನು ಪಡೆದುಕೊಳ್ಳಿ.

ಉತ್ತರ (ಹುಬ್ಬಳ್ಳಿಯಿಂದ)

ನಿಮ್ಮ ಕೇಬಲಿನಲ್ಲಾಗಲಿ, ಅಳಿಯನ ಪ್ರೋಗ್ರಾಮಿನಲ್ಲಾಗಲಿ ದೋಷವಿಲ್ಲ. ಪ್ರೋಗ್ರಾಮಿನ ಒಳಗೆ ‘ಸೀರಿಯಲ್’ ಎಂದು ಕರೆಯುವ ಲೈಬ್ರರಿಯನ್ನು ಪೈಪಿಐ ಎಂಬ ಪೈಥಾನ್ ಪ್ಯಾಕೇಜುಗಳ ಸಾರ್ವಜನಿಕ ಭಂಡಾರದಲ್ಲಿ ಇಟ್ಟಿರುವುದು ‘ಪೈಸೀರಿಯಲ್’ ಎಂಬ ಹೆಸರಿನಲ್ಲಿ. ಅದೇ ಭಂಡಾರದಲ್ಲಿ ‘ಸೀರಿಯಲ್’ ಎಂಬ ಹೆಸರಿನ ಇನ್ನೊಂದು ಪ್ಯಾಕೇಜ್ ಇದೆ. ಜೇಸನ್, ಯಾಮಲ್ ಮುಂತಾದ ರೂಪದ ಮಾಹಿತಿಯನ್ನು ಪೈಥಾನ್ ವಸ್ತುಗಳಾಗಿ ಪರಿವರ್ತಿಸುವುದು ಅದರ ಕೆಲಸವೇ ಹೊರತು, ಕಾಮ್ ಪೋರ್ಟಿಗೂ ಅದಕ್ಕೂ ಸಂಬಂಧವಿಲ್ಲ. ನೀವು ತಂದದ್ದು ಅದನ್ನು. ಹೆಸರು ಹೊಂದಿಕೆಯಾದ್ದರಿಂದ ಮೊದಲ ದೋಷ ಹೋಯಿತು, ಒಳಗಿನ ಸರಕು ಬೇರೆಯಾದ್ದರಿಂದ ಎರಡನೆಯದು ಬಂತು.

ಎರಡೂ ಪ್ಯಾಕೇಜುಗಳು ‘ಸೀರಿಯಲ್’ ಎಂಬ ಒಂದೇ ಫೋಲ್ಡರಿನೊಳಗೆ ತಮ್ಮ ಫೈಲುಗಳನ್ನು ಇಡುವುದರಿಂದ, ಒಂದರ ಮೇಲೆ ಇನ್ನೊಂದನ್ನು ಇನ್‌ಸ್ಟಾಲ್ ಮಾಡಿದರೆ ಕೆಲಸ ಕೆಡುತ್ತದೆ. ಮೊದಲು ಪಿಪ್‌ನ ಅನ್‌ಇನ್‌ಸ್ಟಾಲ್ ಕಮಾಂಡಿನಿಂದ ‘ಸೀರಿಯಲ್’, ‘ಪೈಸೀರಿಯಲ್’ ಎರಡನ್ನೂ ತೆಗೆಯಿರಿ. ಆಮೇಲೆ ‘ಪೈಸೀರಿಯಲ್’ ಒಂದನ್ನೇ ಹಾಕಿ. ಅಷ್ಟಾದರೂ ದೋಷ ಹೋಗದಿದ್ದರೆ, ನಿಮ್ಮ ಪ್ರೋಗ್ರಾಮ್ ಇರುವ ಫೋಲ್ಡರಿನಲ್ಲಿಯೇ ‘ಸೀರಿಯಲ್’ ಎಂಬ ಹೆಸರಿನ ಪೈಥಾನ್ ಫೈಲ್ ಇದೆಯೇ ಎಂದು ನೋಡಿ, ಇದ್ದರೆ ಹೆಸರು ಬದಲಿಸಿ. ಪೈಥಾನ್ ಮೊದಲು ಹುಡುಕುವುದು ಆ ಫೋಲ್ಡರಿನಲ್ಲಿಯೇ.

ಕರೆಯುವ ಹೆಸರು ಒಂದು, ಭಂಡಾರದ ಹೆಸರು ಇನ್ನೊಂದು ಆಗಿರುವುದು ಪೈಥಾನಿನಲ್ಲಿ ಬಹಳ ಸಾಮಾನ್ಯ. ಪಿಐಎಲ್ ಎಂದು ಕರೆಯುವುದು ಪಿಲ್ಲೋ ಪ್ಯಾಕೇಜನ್ನು, ಸಿವಿ2 ಎಂದು ಕರೆಯುವುದು ಓಪನ್‌ಸಿವಿ-ಪೈಥಾನ್ ಪ್ಯಾಕೇಜನ್ನು. ಹೀಗಾಗಿ ಹೆಸರನ್ನು ಊಹಿಸಿ ಪಿಪ್‌ಗೆ ಕೊಡಬೇಡಿ. ಆಯಾ ಲೈಬ್ರರಿಯ ಸ್ವಂತ ದಾಖಲೆಯ ಪುಟದಲ್ಲಿ ಬರೆದಿರುವ ಹೆಸರನ್ನೇ ಕೊಡಿ.

ಪ್ರಶ್ನೆ ಕೇಳಿದವರು

ಸರ್, ತಮ್ಮ ಉಪಕಾರ ದೊಡ್ಡದು. ಎರಡನ್ನೂ ತೆಗೆದು ಪೈಸೀರಿಯಲ್ ಹಾಕಿದ ತಕ್ಷಣ ತೂಕ ಬರಲು ಶುರುವಾಯಿತು. ಎಸ್ಸೆಮ್ಮೆಸ್ ಕೀಲಿಯನ್ನೂ ಬದಲಿಸಿದ್ದೇನೆ.

ಆದರೆ ಈಗ ಬೇರೊಂದು ಚಿಂತೆ ಹತ್ತಿದೆ. ಇಲ್ಲಿ ಬರೆಯುವ ಮೊದಲು ಗಾಬರಿಯಲ್ಲಿ ನಾನು ಇನ್ನೂ ಮೂರು ನಾಲ್ಕು ಹೆಸರುಗಳನ್ನು ಊಹಿಸಿ ಪಿಪ್‌ಗೆ ಕೊಟ್ಟಿದ್ದೆ. ಉಳಿದವು ‘ಸಿಗಲಿಲ್ಲ’ ಎಂದು ಬಂದವು. ಒಂದು ಮಾತ್ರ ಇನ್‌ಸ್ಟಾಲ್ ಆಗಿದ್ದು, ಪಿಪ್ ಪಟ್ಟಿಯಲ್ಲಿ ಈಗಲೂ ಕಾಣುತ್ತದೆ. ಭಂಡಾರದಲ್ಲಿ ಅದರ ಪುಟ ತೆರೆದರೆ ವಿವರಣೆ ಇಲ್ಲ, ಆಕರ ಸಂಕೇತ (ಸೋರ್ಸ್ ಕೋಡ್) ಎಲ್ಲಿದೆ ಎಂಬ ಕೊಂಡಿ ಇಲ್ಲ, ಇರುವುದು ಒಂದೇ ಒಂದು ಆವೃತ್ತಿ. ಅದನ್ನು ತೆಗೆದುಬಿಟ್ಟರೆ ಸಾಕೆ? ಇದೇ ಕಂಪ್ಯೂಟರಿನಲ್ಲಿ ಅಂಗಡಿಯ ಬ್ಯಾಂಕ್ ಖಾತೆಯನ್ನೂ ತೆರೆಯುತ್ತೇವೆ. ಆಂಟಿವೈರಸ್ ಏನನ್ನೂ ಹೇಳಿಲ್ಲ.

ಉತ್ತರ (ಧಾರವಾಡದಿಂದ)

ನಿಮ್ಮ ಎರಡನೆಯ ಪ್ರಶ್ನೆ ಮೊದಲನೆಯದಕ್ಕಿಂತ ಮುಖ್ಯವಾದದ್ದು, ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಪೈಪಿಐ ಭಂಡಾರಕ್ಕೆ ಯಾರು ಬೇಕಾದರೂ ಖಾತೆ ತೆರೆದು ಪ್ಯಾಕೇಜ್ ಏರಿಸಬಹುದು. ಏರಿಸುವ ಮೊದಲು ಅದನ್ನು ಓದಿ ಒಪ್ಪಿಗೆ ಕೊಡುವವರು ಯಾರೂ ಇಲ್ಲ. ನಿಮ್ಮ ಅಂಗಡಿಯ ತೂಕದ ಯಂತ್ರಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯವರು ಬಂದು ಪರೀಕ್ಷಿಸಿ ಮುದ್ರೆ ಹಾಕುತ್ತಾರೆ, ಆ ಮುದ್ರೆಯನ್ನು ನೋಡಿಯೇ ರೈತನು ಚೀಲವನ್ನು ಅದರ ಮೇಲೆ ಇಡುತ್ತಾನೆ. ಆ ಯಂತ್ರದ ಅಂಕಿಯನ್ನು ಓದುವ ಪ್ಯಾಕೇಜಿಗೆ ಅಂಥ ಮುದ್ರೆ ಇರುವುದಿಲ್ಲ. ಪಿಪ್ ತೋರಿಸುವ ಲೇಖಕರ ಹೆಸರು, ಜಾಲತಾಣದ ವಿಳಾಸ ಇವೆಲ್ಲ ಏರಿಸಿದವರು ತಾವೇ ಬರೆದುಕೊಂಡವು.

ಇನ್‌ಸ್ಟಾಲ್ ಮಾಡಿದ್ದೇನೆ, ಬಳಸಿಲ್ಲವಲ್ಲ ಎಂದು ಸಮಾಧಾನ ಪಡುವಂತೆಯೂ ಇಲ್ಲ. ಪ್ಯಾಕೇಜ್ ಆಕರ ರೂಪದಲ್ಲಿದ್ದರೆ ಅದರೊಳಗಿನ ಸೆಟಪ್ ಫೈಲ್ ಇನ್‌ಸ್ಟಾಲ್ ಆಗುವ ಹೊತ್ತಿನಲ್ಲಿಯೇ ನಿಮ್ಮ ಕಂಪ್ಯೂಟರಿನಲ್ಲಿ, ನಿಮ್ಮ ಎಲ್ಲ ಅಧಿಕಾರದೊಡನೆ ನಡೆಯುತ್ತದೆ. ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್, ಲೆಕ್ಕದ ಫೈಲು, ನಿಮ್ಮ ಕಣ್ಣಿಗೆ ಬೀಳುವುದೆಲ್ಲ ಅದರ ಕಣ್ಣಿಗೂ ಬೀಳುತ್ತದೆ. ಮೊದಲೇ ಕಟ್ಟಿ ಸಿದ್ಧಮಾಡಿದ ‘ವ್ಹೀಲ್’ ರೂಪದಲ್ಲಿದ್ದರೆ ಇನ್‌ಸ್ಟಾಲ್ ಹೊತ್ತಿನಲ್ಲಿ ಏನೂ ನಡೆಯುವುದಿಲ್ಲವಾದರೂ, ಪೈಥಾನ್ ಶುರುವಾದಾಗಲೆಲ್ಲ ತಾನಾಗಿ ನಡೆಯುವಂಥ ಫೈಲನ್ನು ಅದು ಇಟ್ಟುಹೋಗಬಹುದು. ಪೈಥಾನಿನ ವರ್ಚುವಲ್ ಎನ್ವಿರಾನ್ಮೆಂಟಿನಲ್ಲಿ ಹಾಕಿದರೆ ಭಯವಿಲ್ಲ ಎಂದು ಕೆಲವರು ನಂಬಿದ್ದಾರೆ. ಅದು ಲೈಬ್ರರಿಗಳನ್ನು ಬೇರೆ ಬೇರೆ ಇಡುವ ಕಪಾಟು ಮಾತ್ರ, ಕಳ್ಳನನ್ನು ತಡೆಯುವ ಗೋಡೆಯಲ್ಲ.

ಇವು ಕೇವಲ ಶಂಕೆಯ ಮಾತುಗಳಲ್ಲ. 2019ರ ಡಿಸೆಂಬರಿನಲ್ಲಿ ‘ಜೆಲ್ಲಿಫಿಶ್’ ಎಂಬ ನಿಜವಾದ ಲೈಬ್ರರಿಯ ಹೆಸರಿನಲ್ಲಿ ಒಂದು ಸಣ್ಣ ‘ಎಲ್’ ಬದಲು ದೊಡ್ಡ ‘ಐ’ ಅಕ್ಷರ ಸೇರಿಸಿದ ನಕಲಿ ಪ್ಯಾಕೇಜ್ ಇದೇ ಭಂಡಾರದಲ್ಲಿ ಸಿಕ್ಕಿತು. ಅದು ಬಳಕೆದಾರರ ಎಸ್ಸೆಸೆಚ್ (ದೂರದ ಕಂಪ್ಯೂಟರಿಗೆ ಲಾಗಿನ್ ಆಗುವ) ಮತ್ತು ಜಿಪಿಜಿ (ಗೂಢಲಿಪಿ, ಸಹಿಯ) ಕೀಲಿಗಳನ್ನು ಕದಿಯುತ್ತಿತ್ತು, ಸುಮಾರು ಒಂದು ವರ್ಷ ಯಾರಿಗೂ ಗೊತ್ತಾಗಿರಲಿಲ್ಲ. ಆಂಟಿವೈರಸ್ ಸುಮ್ಮನಿದೆ ಎಂಬುದನ್ನು ಪುರಾವೆಯಾಗಿ ಹಿಡಿಯಬೇಡಿರೆಂದು ಕೇಳಿಕೊಳ್ಳುವುದು ಇದಕ್ಕಾಗಿಯೇ.

ನೀವು ಹೇಳಿದ ಆ ಪ್ಯಾಕೇಜ್ ಕೆಟ್ಟದ್ದೆಂದು ಹೇಳಲು ನನ್ನ ಬಳಿ ಆಧಾರವಿಲ್ಲ. ಯಾರೋ ವಿದ್ಯಾರ್ಥಿ ಪ್ರಯೋಗಕ್ಕೆ ಏರಿಸಿ ಮರೆತದ್ದೂ ಇರಬಹುದು. ಆದರೆ ಬ್ಯಾಂಕ್ ಖಾತೆ ತೆರೆಯುವ ಕಂಪ್ಯೂಟರಿನಲ್ಲಿ ಅಪರಿಚಿತರ ಸಂಕೇತ ಒಮ್ಮೆ ನಡೆದಿರಬಹುದು ಎಂದ ಮೇಲೆ, ಪ್ಯಾಕೇಜನ್ನು ತೆಗೆದರೆ ಅದು ಅಷ್ಟರಲ್ಲಿ ಮಾಡಿಹೋದದ್ದು ತೆಗೆದಂತಾಗುವುದಿಲ್ಲ. ಕಂಪ್ಯೂಟರ್ ಹೊಸದಾಗಿದ್ದು ಅದರಲ್ಲಿ ಇನ್ನೂ ಏನೂ ಕೂಡಿಲ್ಲವಾದ್ದರಿಂದ, ವಿಂಡೋಸನ್ನು ಮೊದಲಿಂದ ಹಾಕಿಬಿಡಿ ಎಂಬುದೇ ನನ್ನ ಸಲಹೆ. ಅರ್ಧ ದಿನದ ಕೆಲಸ. ಅದಕ್ಕೂ ಮೊದಲು ಬೇರೆ ಯಂತ್ರದಿಂದ ಬ್ಯಾಂಕಿನ ಮತ್ತು ಇಮೇಲಿನ ಪಾಸ್‌ವರ್ಡುಗಳನ್ನು ಬದಲಿಸಿ. ಹೊಸ ಎಸ್ಸೆಮ್ಮೆಸ್ ಕೀಲಿಯನ್ನೂ ನೀವು ಇದೇ ಯಂತ್ರದಲ್ಲಿ ಹಾಕಿದ್ದರೆ, ಅದನ್ನೂ ಇನ್ನೊಮ್ಮೆ ಬದಲಿಸಬೇಕಾಗುತ್ತದೆ.

ಮತ್ತೆ ಹಾಕುವಾಗ ಹೀಗೆ ಮಾಡಿ. ಪಿಪ್‌ನ ಡೌನ್‌ಲೋಡ್ ಕಮಾಂಡಿನಲ್ಲಿ ‘ವ್ಹೀಲ್ ಮಾತ್ರ ಸಾಕು’ ಎಂಬ ಆಯ್ಕೆ ಕೊಟ್ಟು, ಪೈಸೀರಿಯಲ್ 3.5 ಆವೃತ್ತಿಯ ಫೈಲನ್ನು ಒಂದು ಫೋಲ್ಡರಿಗೆ ಇಳಿಸಿಕೊಳ್ಳಿ. ವಿಂಡೋಸಿನಲ್ಲಿಯೇ ಇರುವ ಸರ್ಟ್‌ಯುಟಿಲ್ ಕಮಾಂಡಿನಿಂದ ಆ ಫೈಲಿನ ಎಸ್‌ಎಚ್‌ಎ-256 ಹ್ಯಾಶ್ (ಫೈಲಿನ ಒಳಗಿರುವುದರಿಂದ ಲೆಕ್ಕಹಾಕಿದ, ಬೆರಳಚ್ಚಿನಂಥ ಗುರುತು) ತೆಗೆದು, ಭಂಡಾರದ ಪುಟದಲ್ಲಿ ಕೊಟ್ಟಿರುವ ಹ್ಯಾಶ್ ಜೊತೆ ಅಕ್ಷರ ಅಕ್ಷರವಾಗಿ ಹೋಲಿಸಿ. ರಿಕ್ವೈರ್‌ಮೆಂಟ್ಸ್ ಫೈಲಿನಲ್ಲಿ (ಪ್ರೋಗ್ರಾಮಿಗೆ ಬೇಕಾದ ಪ್ಯಾಕೇಜುಗಳ ಪಟ್ಟಿ) ಹೆಸರು, ಆವೃತ್ತಿ, ಹ್ಯಾಶ್ ಮೂರನ್ನೂ ಬರೆದಿಟ್ಟರೆ, ಒಂದು ಬೈಟ್ ವ್ಯತ್ಯಾಸವಾದರೂ ಪಿಪ್ ಇನ್‌ಸ್ಟಾಲ್ ಮಾಡಲು ಒಪ್ಪುವುದಿಲ್ಲ. ಅದೇ ಫೋಲ್ಡರನ್ನು ಪೆನ್ ಡ್ರೈವಿನಲ್ಲಿ ಪ್ರೋಗ್ರಾಮಿನ ಜೊತೆ ಇಟ್ಟುಕೊಳ್ಳಿ. ನಾಳೆ ಈ ಕಂಪ್ಯೂಟರ್ ಕೆಟ್ಟರೂ ಇಂಟರ್ನೆಟ್ಟಿನ ಹಂಗಿಲ್ಲದೆ ಇನ್ನೊಂದರಲ್ಲಿ ಅದನ್ನೇ ಹಾಕಬಹುದು.

ಹ್ಯಾಶ್ ಹೊಂದಿತೆಂದರೆ ಪ್ಯಾಕೇಜ್ ಬರೆದವರು ಪ್ರಾಮಾಣಿಕರೆಂದು ಅರ್ಥವಲ್ಲ. ಇಂದು ನೋಡಿ ಒಪ್ಪಿಕೊಂಡ ಫೈಲೇ ನಾಳೆಯೂ ಬರುತ್ತದೆ ಎಂಬ ಖಾತ್ರಿಯನ್ನಷ್ಟೇ ಅದು ಕೊಡುತ್ತದೆ. ಆದರೆ ಆ ಖಾತ್ರಿಯೂ ದೊಡ್ಡದೇ. 2014ರಿಂದ ಹೊಸ ಆವೃತ್ತಿಯನ್ನೇ ಕಾಣದಿದ್ದ ‘ಸಿಟಿಎಕ್ಸ್’ ಎಂಬ ಪ್ಯಾಕೇಜನ್ನು 2022ರ ಮೇ ತಿಂಗಳಿನಲ್ಲಿ ಒಬ್ಬನು ವಶಪಡಿಸಿಕೊಂಡ. ಮೂಲ ಲೇಖಕರ ಇಮೇಲ್ ಇದ್ದ ಡೊಮೇನಿನ ಅವಧಿ ಮುಗಿದಿತ್ತು, ಅದನ್ನು ಕೊಂಡು ಪಾಸ್‌ವರ್ಡ್ ಬದಲಿಸಿದ, ಕೀಲಿಗಳನ್ನು ಕದಿಯುವ ಆವೃತ್ತಿಯನ್ನು ಏರಿಸಿದ. ಹೆಸರು ಸರಿಯಾಗಿಯೇ ಇತ್ತು, ಸರಕು ಬದಲಾಗಿತ್ತು. ಆ ಬಳಿಕ ನಿಯಮ ಬಿಗಿಯಾಗಿದ್ದು, 2024ರ ಜನವರಿ 1ರಿಂದ ಪೈಪಿಐ ಬಳಕೆದಾರರೆಲ್ಲರಿಗೂ ಎರಡು ಹಂತದ ದೃಢೀಕರಣ ಕಡ್ಡಾಯವಾಗಿದೆ. ಪೈಸೀರಿಯಲ್ 3.5 ಬಂದದ್ದು 2020ರಲ್ಲಿ. ಇಂಥ ಹಳೆಯ, ನೆಚ್ಚಿನ ಲೈಬ್ರರಿಗಳಿಗೆ ಹ್ಯಾಶ್ ಬರೆದಿಡುವುದು ಹೆಚ್ಚು ಅಗತ್ಯ.

ಎಸ್ಸೆಮ್ಮೆಸ್ ಕೀಲಿಯನ್ನು ಪ್ರೋಗ್ರಾಮಿನಲ್ಲಿ ಬರೆಯದೆ ಬೇರೆ ಫೈಲಿನಲ್ಲಿಡಿ, ಸಹಾಯ ಕೇಳುವಾಗ ಆ ಫೈಲನ್ನು ಯಾರಿಗೂ ಕಳಿಸಬೇಡಿ.

ಗದಗಿನ ಸದಸ್ಯರು

ನಾನು ಇಂಜಿನಿಯರಿಂಗ್ ವಿದ್ಯಾರ್ಥಿ. ಆಕರ ಸಂಕೇತ ಮುಕ್ತವಾಗಿದ್ದರೆ ಸಾವಿರಾರು ಜನ ಓದಿರುತ್ತಾರಲ್ಲವೇ ಸರ್? ಅಂಥ ಸಂಕೇತವನ್ನು ಇಡುವ ತಾಣವಾದ ಗಿಟ್‌ಹಬ್‌ನಲ್ಲಿ ಅದನ್ನು ನೋಡಿ, ಸರಿ ಎನಿಸಿದ ಮೇಲೆ ಪಿಪ್‌ನಿಂದ ಹಾಕಿದರೆ ಸಾಲದೇ?

ಉತ್ತರ (ಧಾರವಾಡದಿಂದ)

ಓದಬಹುದು ಎಂಬುದಕ್ಕೂ ಓದಿದ್ದಾರೆ ಎಂಬುದಕ್ಕೂ ಅಂತರವಿದೆ. ಅದಲ್ಲದೆ, ನೀವು ಗಿಟ್‌ಹಬ್‌ನಲ್ಲಿ ಓದಿದ ಸಂಕೇತವೇ ಪಿಪ್‌ನಿಂದ ಬರುವ ಫೈಲಿನಲ್ಲಿ ಇರಬೇಕೆಂಬ ನಿಯಮವಿಲ್ಲ. 2024ರ ಮಾರ್ಚಿನಲ್ಲಿ ಎಕ್ಸ್‌ಝಡ್ ಎಂಬ ಸಂಕುಚನ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು (ಕದ್ದು ಒಳನುಗ್ಗುವ ದಾರಿ) ಸಿಕ್ಕಾಗ ಆದದ್ದು ಇದೇ: ಅದನ್ನು ಚಾಲೂ ಮಾಡುವ ತುಣುಕು ಬಿಡುಗಡೆಯ ಕಡತದಲ್ಲಿತ್ತು, ಎಲ್ಲರೂ ನೋಡುವ ಗಿಟ್ ಭಂಡಾರದಲ್ಲಿರಲಿಲ್ಲ. ಅದನ್ನು ಸೇರಿಸಿದವನು ಹೊರಗಿನಿಂದ ನುಗ್ಗಿದವನಲ್ಲ. ಎರಡು ವರ್ಷಕ್ಕೂ ಹೆಚ್ಚು ಕಾಲ ಸರಿಯಾದ ಕೆಲಸವನ್ನೇ ಮಾಡಿ, ನಂಬಿಕೆ ಗಳಿಸಿ, ನಿರ್ವಾಹಕನಾದವನು. ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರು ಎಸ್ಸೆಸೆಚ್ ಲಾಗಿನ್ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿರುವುದನ್ನು ಗಮನಿಸಿ ಬೆನ್ನು ಹತ್ತಿದ್ದರಿಂದ ಅದು ಹೊರಬಿತ್ತು.

ಆಕರ ಸಂಕೇತವನ್ನು ಪೂರ್ತಿ ಓದಿದರೂ ಸಾಲದ ಸಂದರ್ಭವೊಂದನ್ನು ಯುನಿಕ್ಸ್ ರೂಪಿಸಿದವರಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ ತಮ್ಮ ಟ್ಯೂರಿಂಗ್ ಪ್ರಶಸ್ತಿಯ ಉಪನ್ಯಾಸದಲ್ಲಿ ತೋರಿಸಿದ್ದರು. ಅದು 1984ರಲ್ಲಿ ಪ್ರಕಟವಾಯಿತು. ಆಕರ ಸಂಕೇತವನ್ನು ಕಂಪ್ಯೂಟರ್ ನಡೆಸಬಲ್ಲ ರೂಪಕ್ಕೆ ಬದಲಿಸುವ ಕಂಪೈಲರನ್ನೇ ತಿದ್ದಿಟ್ಟರೆ, ಅದು ಲಾಗಿನ್ ಪ್ರೋಗ್ರಾಮಿಗೆ ಹಿಂಬಾಗಿಲು ಸೇರಿಸುವುದಲ್ಲದೆ, ತನ್ನ ಹೊಸ ಪ್ರತಿಯನ್ನು ಶುದ್ಧ ಸಂಕೇತದಿಂದ ಕಟ್ಟುವಾಗಲೂ ಅದೇ ದೋಷವನ್ನು ಅದರೊಳಗೆ ಹಾಕುತ್ತದೆ. ಓದುವವರ ಕಣ್ಣಿಗೆ ಯಾವ ಆಕರದಲ್ಲೂ ಅದು ಬೀಳುವುದಿಲ್ಲ.

ಇದರಿಂದ ಯಾವ ಲೈಬ್ರರಿಯನ್ನೂ ಮುಟ್ಟಬಾರದೆಂಬ ತೀರ್ಮಾನಕ್ಕೆ ಬರಬೇಡಿ. ಪೈಸೀರಿಯಲ್ ಮಾಡುವ ಕೆಲಸವನ್ನು ನಾವೇ ಬರೆದರೆ ಅದಕ್ಕಿಂತ ಹೆಚ್ಚು ತಪ್ಪು ಮಾಡುತ್ತೇವೆ. ಎಷ್ಟು ಜನರನ್ನು ನಂಬಬೇಕಾಗಿದೆ ಎಂಬ ಲೆಕ್ಕ ನಮ್ಮ ಕೈಯಲ್ಲಿದೆ. ಬ್ಯಾಡಗಿಯವರ ಪ್ರೋಗ್ರಾಮಿಗೆ ಬೇಕಾದದ್ದು ಒಂದೇ ಹೊರಗಿನ ಲೈಬ್ರರಿ, ಅದು ಸಣ್ಣದು, ಒಂದು ಸಂಜೆ ಕುಳಿತರೆ ವ್ಹೀಲ್ ಬಿಚ್ಚಿ ಓದಿ ಮುಗಿಸಬಹುದು. ಅದು ಝಿಪ್ ಕಡತವೇ ಆಗಿದೆ. ಓದುವುದಾದರೆ ಅದನ್ನೇ ಓದಿ, ಗಿಟ್‌ಹಬ್‌ನ ಪ್ರತಿಯನ್ನಲ್ಲ.

ಉತ್ತರ (ಹುಬ್ಬಳ್ಳಿಯಿಂದ)

ಧಾರವಾಡದವರ ಮಾತಿಗೆ ಒಂದನ್ನು ಸೇರಿಸುತ್ತೇನೆ. ತೂಕ ಓದುವ ಕಂಪ್ಯೂಟರಿಗೆ ಇಂಟರ್ನೆಟ್ ಬೇಕೇ ಎಂದು ಯೋಚಿಸಿ. ಎಸ್ಸೆಮ್ಮೆಸ್ ಕಳಿಸುವುದನ್ನೂ ಬ್ಯಾಂಕಿನ ಕೆಲಸವನ್ನೂ ಬೇರೆ ಯಂತ್ರಕ್ಕೆ ಒಯ್ದು ಇದರ ಇಂಟರ್ನೆಟ್ ತೆಗೆದರೆ, ಇಲ್ಲಿ ಯಾವ ಪ್ಯಾಕೇಜ್ ಕೆಟ್ಟದ್ದಾದರೂ ಕದ್ದದ್ದನ್ನು ಹೊರಗೆ ಸಾಗಿಸಲು ಅದಕ್ಕೆ ನೇರ ದಾರಿ ಇರುವುದಿಲ್ಲ. ನನ್ನ ಮೊದಲ ಉತ್ತರದಲ್ಲಿ ದೋಷ ಹೋಗುವುದನ್ನಷ್ಟೇ ನೋಡಿ, ಬೇರೆ ಏನೇನು ಇನ್‌ಸ್ಟಾಲ್ ಮಾಡಿದ್ದೀರಿ ಎಂದು ಕೇಳದೆ ಹೋದೆ, ಕೇಳಬೇಕಾಗಿತ್ತು.

ಪ್ರಶ್ನೆ ಕೇಳಿದವರು

ಮಂಗಳವಾರ ರಾತ್ರಿ ವಿಂಡೋಸನ್ನು ಮೊದಲಿಂದ ಹಾಕಿದೆ. ಪಾಸ್‌ವರ್ಡುಗಳನ್ನು ಮನೆಯ ಕಂಪ್ಯೂಟರಿನಿಂದ ಬದಲಿಸಿ, ಎಸ್ಸೆಮ್ಮೆಸ್ ಕೀಲಿಯನ್ನೂ ಎರಡನೆಯ ಸಲ ಬದಲಿಸಿದೆ. ಹ್ಯಾಶ್ ಹೋಲಿಸುವಾಗ ಅರವತ್ನಾಲ್ಕು ಅಕ್ಷರಗಳನ್ನು ನಾನು ಓದುತ್ತಾ ಹೋದೆ, ನನ್ನ ಮಗಳು ಪರದೆಯ ಮೇಲೆ ಬೆರಳಿಟ್ಟು ನೋಡುತ್ತಾ ಹೋದಳು, ಹೊಂದಿತು. ರಿಕ್ವೈರ್‌ಮೆಂಟ್ಸ್ ಫೈಲನ್ನು ಪುಣೆಯಿಂದ ಅಳಿಯನೇ ಫೋನಿನಲ್ಲಿ ಹೇಳಿ ಬರೆಸಿದ. ತೂಕದ ಕಂಪ್ಯೂಟರಿನ ಇಂಟರ್ನೆಟ್ ತೆಗೆದಿದ್ದೇನೆ. ಸಂಜೆ ತೂಕದ ಪಟ್ಟಿಯನ್ನು ಪೆನ್ ಡ್ರೈವಿನಲ್ಲಿ ಒಯ್ದು ಒಳಕೋಣೆಯ ಕಂಪ್ಯೂಟರಿನಿಂದ ಎಸ್ಸೆಮ್ಮೆಸ್ ಕಳಿಸುತ್ತಿದ್ದೇವೆ, ಸ್ವಲ್ಪ ತಡವಾಗುತ್ತದೆ ಎಂದು ರೈತರಿಗೆ ಹೇಳಿದ್ದೇವೆ. ಗುರುವಾರದ ಚೀಟಿಗಳೆಲ್ಲ ಯಂತ್ರದಿಂದಲೇ ಮುದ್ರಣವಾದವು. ಪ್ರಶ್ನೆಯನ್ನು ‘ಪರಿಹಾರವಾಗಿದೆ’ ಎಂದು ಗುರುತು ಮಾಡಬಹುದು.