ಸಹಾಯ ಬೇಕು: ‘ರನ್’ ಎಂದರೆ ಓಡು ಮಾತ್ರವೇ?

ನಮಸ್ಕಾರ. ಏಳನೇ ತರಗತಿಯ ಮಗಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದೇನೆ. ‘ರನ್’ ಪದದಲ್ಲೇ ಸಿಕ್ಕಿಕೊಂಡಿದ್ದೇವೆ. ಬಸ್ಸು, ಸಿನಿಮಾ ಕನ್ನಡದಲ್ಲೂ ಓಡುತ್ತವೆ, ಅಲ್ಲಿ ತೊಂದರೆಯಿಲ್ಲ. ಆದರೆ ಇಂಗ್ಲಿಷಿನ ಅದೇ ಪದಕ್ಕೆ ನಮ್ಮಲ್ಲಿ ನದಿ ಹರಿಯುತ್ತದೆ, ಮೂಗು ಸೋರುತ್ತದೆ, ಸೀರೆ ಬಣ್ಣ ಬಿಡುತ್ತದೆ, ಅಂಗಡಿಯನ್ನು ನಡೆಸುತ್ತೇವೆ, ಸಕ್ಕರೆ ಮುಗಿಯುತ್ತದೆ. ಅಮೆರಿಕದವರು ಚುನಾವಣೆಗೆ ‘ಓಡಿದರೆ’ ನಾವು ನಿಲ್ಲುತ್ತೇವೆ! (ಬ್ರಿಟನ್ನಿನವರೂ ನಿಲ್ಲುವವರೇ.) ಇದನ್ನು ಕೇಳಿ ಅವಳಿಗೆ ಖುಷಿಯೋ ಖುಷಿ.

ಆಕ್ಸ್‌ಫರ್ಡ್ ನಿಘಂಟು ಈ ಕ್ರಿಯಾಪದಕ್ಕೆ 600ಕ್ಕೂ ಹೆಚ್ಚು ಅರ್ಥ ಗುರುತಿಸಿದೆ. ಅಷ್ಟನ್ನೂ ಬಾಯಿಪಾಠ ಮಾಡಿಸಲು ನನಗೆ ಮನಸ್ಸಿಲ್ಲ. ‘ನಿಲ್ಲದ ಚಲನೆ’ ಎಂಬ ಒಂದೇ ಎಳೆಯಿಂದ ವಿವರಿಸುತ್ತಿದ್ದೇನೆ, ‘ರನ್ ಎ ರಿಸ್ಕ್’ (ಅಪಾಯಕ್ಕೆ ಒಡ್ಡಿಕೊಳ್ಳುವುದು) ಮಾತ್ರ ಅದಕ್ಕೆ ಒಗ್ಗುತ್ತಿಲ್ಲ. ಇಂಗ್ಲಿಷ್ ಕಲಿಸುವವರು ಯಾರಾದರೂ ಇದ್ದರೆ, ಮಕ್ಕಳಿಗೆ ಇದನ್ನು ಹೇಗೆ ಹೇಳುತ್ತೀರಿ? ಹಳ್ಳಿ ಬದುಕಿನ ಉದಾಹರಣೆ ಕೊಟ್ಟರೆ ಇನ್ನೂ ಉಪಕಾರ. ಶನಿವಾರ ಅವಳಿಗೆ ಪರೀಕ್ಷೆ.